ಜಗಳಕ್ಕೂ ಸಿಗದ ಆಲ್ಬಂ: ಒಂದು ಫ್ರೀ ಜಾಝ್ ಟ್ರಯೋದ ಪ್ರಕರಣ

1962ರಲ್ಲಿ ನ್ಯೂಯಾರ್ಕ್‌ನಲ್ಲಿ ಮೂವರು ಸೇರಿ ಒಂದು ಎಲ್‌ಪಿ ರೆಕಾರ್ಡ್ ಮಾಡಿದರು. ಕ್ಲಾರಿನೆಟ್, ಪಿಯಾನೋ, ಡಬಲ್ ಬೇಸ್. ಪಿಯಾನೋ ಟ್ರಯೋ ಅಂದರೆ ಸಾಮಾನ್ಯವಾಗಿ ಪಿಯಾನೋ, ಬೇಸ್, ಡ್ರಮ್ಸ್. ಇಲ್ಲಿ ಡ್ರಮ್ಸ್ ಕೂರಬೇಕಾದ ಜಾಗದಲ್ಲಿ ಕ್ಲಾರಿನೆಟ್ ಕೂತಿತ್ತು. ತಂಡದ ನಾಯಕರೂ ಅದನ್ನು ನುಡಿಸುವವರೇ. ಕಂಪನಿ ಅಮೆರಿಕದ ದೊಡ್ಡ ಕಂಪನಿಗಳಲ್ಲೊಂದು. ನಾಯಕರಿಗೆ ಹದಿನೈದು ವರ್ಷದಿಂದ ಹೆಸರಿತ್ತು. ಇಷ್ಟೆಲ್ಲ ಇದ್ದೂ ಆಲ್ಬಂ ಮಾರಾಟವಾಗಲಿಲ್ಲ. ಅದು ಬಂದ ಆಸುಪಾಸಿನಲ್ಲೇ ತಂಡವೂ ಒಡೆಯಿತು. ಸುಮಾರು 35 ವರ್ಷ ಕಳೆದ ಮೇಲೆ ಅದೇ ಆಲ್ಬಂ ಸಿಡಿಯಾಗಿ ಬಂದಾಗ ವಿಮರ್ಶಕರು ತಲೆ ಮೇಲೆ ಹೊತ್ತುಕೊಂಡರು.

ಈ ಬರಹದಲ್ಲಿ ಮೂವರ ಹೆಸರನ್ನೂ ಆಲ್ಬಂ ಹೆಸರನ್ನೂ ಬರೆಯುತ್ತಿಲ್ಲ. ಕಚೇರಿಯಲ್ಲಿ ಪಿಟೀಲಿನವರು, ಮೃದಂಗದವರು ಅಂತ ಹೇಳೋ ಹಾಗೆ ಕ್ಲಾರಿನೆಟ್‌ನವರು, ಪಿಯಾನೋದವರು, ಬೇಸ್‌ನವರು ಅಂತಲೇ ಕರೆಯುತ್ತೇನೆ. ಜಾಝ್ ಬಲ್ಲವರು ನಾಲ್ಕನೇ ಪ್ಯಾರಾದೊಳಗೆ ಹಿಡಿದುಬಿಡ್ತಾರೆ, ಹಿಡಿಯಲಿ. ಹೆಸರು ಹೇಳಿದ ಕೂಡಲೇ ಓದುವವರ ಮನಸ್ಸಿನಲ್ಲಿ ಒಂದು ಗೌರವ ಎದ್ದು ಕೂರುತ್ತೆ. ಆಮೇಲೆ ಅವರು ಮಾಡಿದ್ದೆಲ್ಲ ಸರಿಯಾಗಿಯೇ ಕಾಣುತ್ತೆ. ನನಗೆ ಬೇಕಿರೋದು ಅವರು ಯಾವ ಹಂತದಲ್ಲಿ ಏನು ತೀರ್ಮಾನ ಮಾಡಿದರು, ಅದಕ್ಕೆ ಏನು ಸಿಕ್ಕಿತು ಅನ್ನೋದು.

ಹಿನ್ನೆಲೆ

ಕ್ಲಾರಿನೆಟ್‌ನವರು ಟೆಕ್ಸಾಸ್ ಕಡೆಯವರು, 1921ರಲ್ಲಿ ಹುಟ್ಟಿದವರು. 1947ರಲ್ಲಿ ಒಂದು ದೊಡ್ಡ ಬ್ಯಾಂಡಿಗೆ ಅವರು ಬರೆದುಕೊಟ್ಟ ರಚನೆ ನಾಲ್ಕು ಸ್ಯಾಕ್ಸೊಫೋನ್‌ಗಳ ಜೋಡಣೆಯಿಂದ ಮನೆಮಾತಾಯಿತು. 1950ರ ದಶಕದಲ್ಲಿ ಅವರ ಗುರುತು ಬೇರೆಯಾಯಿತು. ಕ್ಲಾರಿನೆಟ್‌ನ ಕೆಳಸ್ಥಾಯಿಯಲ್ಲೇ ಓಡಾಡೋ, ಉಸಿರು ಬೆರೆತ, ಬೆಚ್ಚಗಿನ ನಾದ. ಜೊತೆಗೆ ಗಿಟಾರ್, ಬೇಸ್. ಜಾನಪದದ ಸೊಗಡು. 1958ರ ನ್ಯೂಪೋರ್ಟ್ ಜಾಝ್ ಉತ್ಸವದ ಪ್ರಸಿದ್ಧ ಸಾಕ್ಷ್ಯಚಿತ್ರ ಶುರುವಾಗೋದೇ ಇವರ ಟ್ರಯೋದಿಂದ. 1958ರ ಆ ತಂಡದಲ್ಲೂ ಡ್ರಮ್ಸ್ ಇರಲಿಲ್ಲ, ಬೇಸ್ ಕೂಡ ಇರಲಿಲ್ಲ. ಹಾಗಾಗಿ 1962ರಲ್ಲಿ ಅವರು ಏಕಾಏಕಿ ಡ್ರಮ್ಸ್ ಬಿಟ್ಟರು ಅನ್ನೋದು ಸರಿಯಲ್ಲ. ತಾಳವನ್ನು ಎದುರಿಗೆ ಬಡಿದು ತೋರಿಸಬೇಕಿಲ್ಲ, ಅದು ಒಳಗೇ ಇರಲಿ ಅನ್ನೋ ಯೋಚನೆ 1955ರಿಂದಲೇ ಅವರ ರೆಕಾರ್ಡ್‌ಗಳಲ್ಲಿದೆ.

ದೊಡ್ಡ ತಿರುವು 1959ರ ಆಗಸ್ಟಿನಲ್ಲಿ ಬಂತು. ಮ್ಯಾಸಚೂಸೆಟ್ಸ್‌ನ ಲೆನಕ್ಸ್ ಅನ್ನೋ ಊರಲ್ಲಿ ಬೇಸಿಗೆ ಜಾಝ್ ಶಾಲೆ ನಡೆಯುತ್ತಿತ್ತು. ಇವರು ಅಲ್ಲಿ ಮೇಷ್ಟ್ರು. ಆ ವರ್ಷ ವಿದ್ಯಾರ್ಥಿಯಾಗಿ ಬಂದವರಲ್ಲಿ ಒಬ್ಬರು ಸ್ಯಾಕ್ಸೊಫೋನ್ ನುಡಿಸುವ ಆರ್ನೆಟ್ ಕೋಲ್‌ಮನ್. ಮೂರು ತಿಂಗಳ ನಂತರ ಇದೇ ಕೋಲ್‌ಮನ್ ನ್ಯೂಯಾರ್ಕ್‌ನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ತಮ್ಮ ಫ್ರೀ ಜಾಝ್ ನುಡಿಸಿ, ಹೊಗಳುವವರು, ಬೈಯುವವರು ಅಂತ ಊರನ್ನೇ ಎರಡು ಪಾಲು ಮಾಡಿದರು. ಆದರೆ ಕ್ಲಾರಿನೆಟ್‌ನವರಿಗೆ ಲೆನಕ್ಸ್‌ನಲ್ಲೇ ತಾಗಿತ್ತು. 38ರ ಮೇಷ್ಟ್ರು 29ರ ವಿದ್ಯಾರ್ಥಿಯ ಮುಂದೆ ತಾನು ಇಷ್ಟು ದಿನ ಕಟ್ಟಿದ್ದನ್ನು ಬಿಚ್ಚಲು ಹೊರಟರು. ಇದು ಸಣ್ಣ ಮಾತಲ್ಲ. ಹೆಸರು ಬಂದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಎಷ್ಟು ಜನ ಹಾಗೆ ಮಾಡ್ತಾರೆ?

ಪಿಯಾನೋದವರು ಕೆನಡಾದ ಮಾಂಟ್ರಿಯಲ್‌ನವರು. ಅವರಿಗೆ ಕೋಲ್‌ಮನ್ ಪರಿಚಯ ಇನ್ನೂ ಮೊದಲಿನದು. 1958ರಲ್ಲಿ ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನಲ್ಲಿ ಇವರದೇ ಬ್ಯಾಂಡಿಗೆ ಕೋಲ್‌ಮನ್‌ರನ್ನು ಸೇರಿಸಿಕೊಂಡಿದ್ದರು. ಬ್ಯಾಂಡ್ ನುಡಿಸುವಾಗ ಜನ ಬೀದಿಯಲ್ಲಿರುತ್ತಿದ್ದರು, ಬಿಡುವು ಕೊಟ್ಟಾಗ ಒಳಗೆ ಬರುತ್ತಿದ್ದರು ಅಂತ ಅವರೇ ಆಮೇಲೆ ನಗುತ್ತಾ ಹೇಳಿಕೊಂಡಿದ್ದಾರೆ. ಆ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ಬೇಸ್‌ನವರು ಎಲ್ಲರಿಗಿಂತ ಚಿಕ್ಕವರು. ಈ ಪಿಯಾನೋದವರ ಜೊತೆ ನುಡಿಸಬೇಕು ಅಂತಲೇ ಯೇಲ್ ವಿಶ್ವವಿದ್ಯಾಲಯದ ಓದು ಬಿಟ್ಟು ನ್ಯೂಯಾರ್ಕ್‌ಗೆ ಬಂದವರು. 1962ರಲ್ಲಿ ಅವರಿಗಿನ್ನೂ 21.

ಫ್ರೀ ಜಾಝ್ ಕೇಳಿಲ್ಲದವರಿಗೆ ಒಂದೆರಡು ಮಾತು. ಅಲ್ಲಿಯವರೆಗಿನ ಜಾಝ್‌ನಲ್ಲಿ ಒಂದು ಹಾಡಿನ ಸ್ವರಗುಚ್ಛಗಳ (ಕಾರ್ಡ್‌ಗಳ) ಸುತ್ತು ಇರುತ್ತಿತ್ತು. ಆ ಸುತ್ತು ಮತ್ತೆ ಮತ್ತೆ ಬರುತ್ತೆ, ಅದರ ಮೇಲೆ ಒಬ್ಬೊಬ್ಬರೇ ಮನೋಧರ್ಮ ತೋರಿಸುತ್ತಾರೆ. ಬೇಸ್, ಡ್ರಮ್ಸ್ ಎರಡೂ ಲಯ ಹಿಡಿದಿರುತ್ತವೆ. ಆ ಲಯದ ತೂಗಾಟಕ್ಕೆ ಸ್ವಿಂಗ್ ಅಂತಾರೆ. ಹೊಸಬರು ಮೊದಲು ಸ್ವರಗುಚ್ಛದ ಸುತ್ತನ್ನು ಕೈಬಿಟ್ಟರು. ಕೆಲವರು ಲಯದ ಎಣಿಕೆಯನ್ನೂ ಬಿಟ್ಟರು. ನಮ್ಮ ಕಚೇರಿ ಕೇಳಿದವರಿಗೆ ತಾಳವಿಲ್ಲದ ಸಂಗೀತ ಹೊಸದೇನಲ್ಲ, ಆಲಾಪನೆಯಲ್ಲಿ ತಾಳ ಎಲ್ಲಿದೆ? ಆದರೆ ಆಲಾಪನೆಗೆ ರಾಗ ಇದೆ, ಹಿಂದೆ ಶ್ರುತಿ ಇದೆ, ಸ್ವಲ್ಪ ಹೊತ್ತಿಗೆ ಕೃತಿ ಬರುತ್ತೆ ಅನ್ನೋ ಭರವಸೆ ಇದೆ. ಇವರು ಆ ಮೂರನ್ನೂ ಕೊಡಲಿಲ್ಲ.

ತೊಡಕು ಎಲ್ಲಿತ್ತು

1961ರಲ್ಲಿ ಈ ಟ್ರಯೋ ಮತ್ತೊಂದು ಕಂಪನಿಗೆ ಎರಡು ಎಲ್‌ಪಿ ಮಾಡಿತು. ಒಂದು ಮಾರ್ಚ್‌ನಲ್ಲಿ, ಇನ್ನೊಂದು ಆಗಸ್ಟ್‌ನಲ್ಲಿ. ಅವುಗಳಲ್ಲಿ ರಾಗದ ಎಳೆ ಇನ್ನೂ ಕೈಗೆ ಸಿಗುತ್ತೆ. ಪಿಯಾನೋದವರ ಆಗಿನ ಹೆಂಡತಿ ಬರೆದ ಪುಟ್ಟ ಪುಟ್ಟ ರಚನೆಗಳೂ ಇದ್ದವು. ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಸಿಗರೇಟು ಮಾರುತ್ತಾ ಜಾಝ್ ಕೇಳಿಸಿಕೊಂಡವರು ಅವರು. ನನ್ನ ಕಿವಿಗೆ ಆ ಎರಡು ಆಲ್ಬಂಗಳ ಅತ್ಯಂತ ಚೆಂದದ ಗಳಿಗೆಗಳು ಅವರ ರಚನೆಗಳಲ್ಲೇ ಇವೆ. ಮಾರಾಟ ಮಾತ್ರ ಹೇಳಿಕೊಳ್ಳುವ ಹಾಗಿರಲಿಲ್ಲ.

ಆ ವರ್ಷದ ಕೊನೆಗೆ ತಂಡ ಯೂರೋಪಿಗೆ ಹೋಯಿತು. ಅಕ್ಟೋಬರ್ 27ಕ್ಕೆ ಆಸ್ಟ್ರಿಯಾದ ಗ್ರಾಟ್ಸ್, ನವೆಂಬರ್ 7ಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್, 23ಕ್ಕೆ ಬ್ರೆಮೆನ್. ಈ ಮೂರೂ ಕಛೇರಿಗಳ ಧ್ವನಿಮುದ್ರಿಕೆ ಉಳಿದಿದೆ. ಕೇಳಿದರೆ ಸ್ಟುಡಿಯೋದಲ್ಲಿ ಕಂಡದ್ದಕ್ಕಿಂತ ಧೈರ್ಯಸ್ಥ ತಂಡವೊಂದು ಸಿಗುತ್ತೆ.

ಬ್ರೆಮೆನ್ ಕಛೇರಿಯ ದಿನಾಂಕವನ್ನು ಇನ್ನೊಂದು ಕಾರಣಕ್ಕೆ ಗುರುತು ಹಾಕಿಕೊಳ್ಳಿ. ಅಮೆರಿಕದ ಜಾಝ್ ಪತ್ರಿಕೆ ಡೌನ್‌ಬೀಟ್‌ನ ಒಂದು ಸಂಚಿಕೆಯ ಮೇಲೂ ಅದೇ ದಿನಾಂಕ ಇದೆ: 1961ರ ನವೆಂಬರ್ 23. ವಿಮರ್ಶಕ ಜಾನ್ ಟೈನನ್ ಆ ಸಂಚಿಕೆಯಲ್ಲಿ ಸ್ಯಾಕ್ಸೊಫೋನ್‌ನ ಜಾನ್ ಕೋಲ್ಟ್ರೇನ್ ಮತ್ತು ಎರಿಕ್ ಡಾಲ್ಫಿ ನುಡಿಸುತ್ತಿದ್ದುದನ್ನು ‘ಆಂಟಿ-ಜಾಝ್’ ಅಂತ ಕರೆದರು. ಸ್ವಿಂಗ್ ಅನ್ನೇ ಇವರು ಬೇಕೆಂದು ಹಾಳು ಮಾಡುತ್ತಿದ್ದಾರೆ ಅನ್ನೋದು ಅವರ ದೂರು. ಮುಂದಿನ ಜನವರಿ 18ರ ಸಂಚಿಕೆಯಲ್ಲಿ ಕೋಲ್‌ಮನ್ ಅವರ ಎಂಟು ಜನರ ಆಲ್ಬಂಗೆ ಎರಡು ವಿಮರ್ಶೆ ಒಟ್ಟಿಗೆ ಬಂದವು. ಪೀಟ್ ವೆಲ್ಡಿಂಗ್ 5 ನಕ್ಷತ್ರ ಕೊಟ್ಟರು, ಟೈನನ್ ಒಂದೂ ಕೊಡಲಿಲ್ಲ. ಏಪ್ರಿಲ್‌ನಲ್ಲಿ ಅದೇ ಪತ್ರಿಕೆ ಕೋಲ್ಟ್ರೇನ್, ಡಾಲ್ಫಿ ಇಬ್ಬರಿಂದಲೂ ಉತ್ತರ ಹೇಳಿಸಿತು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಟ್ರಯೋದ ತೊಡಕು ಈ ಜಗಳದ ನಕ್ಷೆಯಲ್ಲಿದೆ. ಹಳಬರ ಪ್ರಶ್ನೆ ‘ಇದರಲ್ಲಿ ಸ್ವಿಂಗ್ ಇದೆಯಾ?’ ಅನ್ನೋದು. ಈ ಟ್ರಯೋದಲ್ಲಿ ಇಲ್ಲ, ಇರಬೇಕು ಅಂತ ಅವರು ಪ್ರಯತ್ನವನ್ನೂ ಮಾಡಿಲ್ಲ. ಸರಿ, ಹಳಬರ ಕಡೆಯಿಂದ ಬಾಗಿಲು ಮುಚ್ಚಿತು. ಹೊಸಬರ ಕಡೆ? ಹೊಸ ಸಂಗೀತದ ಪರ ನಿಂತವರಿಗೆ ಅದರ ಕಾವು ಮುಖ್ಯವಾಗಿತ್ತು. ಕೂಗು, ಕೋಪ, ಗಂಟೆಗಟ್ಟಲೆ ಬಿಡದೆ ಸುರಿಯೋ ಶಕ್ತಿ. ಅವರಲ್ಲಿ ಅನೇಕರಿಗೆ ಅದು ಕಪ್ಪು ಕಲಾವಿದರ ಹೋರಾಟದ ದನಿಯೂ ಆಗಿತ್ತು, ಅದು ನ್ಯಾಯವೂ ಹೌದು. ಈ ಮೂವರು ಬಿಳಿಯರು. ನುಡಿಸುತ್ತಿದ್ದದ್ದು ಪಿಸುಮಾತಿನ ಸಂಗೀತ. ಒಂದು ಸ್ವರ ಹೇಳಿ, ಕಾದು, ಇನ್ನೊಬ್ಬರು ಏನನ್ನುತ್ತಾರೆ ನೋಡಿ ಮುಂದಿನದು. ಬೈಯೋದಕ್ಕೆ ಗದ್ದಲ ಬೇಕು, ಹೊಗಳೋದಕ್ಕೂ ಗದ್ದಲ ಬೇಕು ಅನ್ನೋ ಕಾಲದಲ್ಲಿ ಇವರ ಹತ್ತಿರ ಗದ್ದಲವೇ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇವರನ್ನು ಬರೀ ನತದೃಷ್ಟರು ಅಂತ ನೋಡೋದು ತಪ್ಪಾಗುತ್ತೆ. ಅದೇ 1962ರಲ್ಲಿ ಇನ್ನೊಬ್ಬ ಹೊಸ ಸಂಗೀತದ ಪಿಯಾನೋ ವಾದಕ ಸೆಸಿಲ್ ಟೇಲರ್ ತಮ್ಮ ಟ್ರಯೋ ಜೊತೆ ಕೋಪನ್‌ಹೇಗನ್‌ನ ಕ್ಲಬ್ಬೊಂದರಲ್ಲಿ ನುಡಿಸಿದ್ದು ಡೆನ್ಮಾರ್ಕಿನ ಸಣ್ಣ ಕಂಪನಿಯಿಂದ ಹೊರಬಂತು. ಆಮೇಲೆ 1966ರವರೆಗೆ ಅವರಿಗೆ ಸ್ಟುಡಿಯೋ ಆಲ್ಬಂ ಮಾಡುವ ಅವಕಾಶ ಸಿಗಲಿಲ್ಲ. ಟೇಲರ್‌ಗೆ ಸಿಗದ ದೊಡ್ಡ ಕಂಪನಿಯ ಬಾಗಿಲು ನಮ್ಮ ಕ್ಲಾರಿನೆಟ್‌ನವರಿಗೆ ತೆರೆದಿತ್ತು. ಹಳೆಯ ಹೆಸರು ಅಷ್ಟು ಕೆಲಸ ಮಾಡಿತ್ತು.

ಆಲ್ಬಂನಲ್ಲಿ ಮಾಡಿದ್ದು

ರೆಕಾರ್ಡಿಂಗ್ ಮೂರು ದಿನ ನಡೆಯಿತು: 1962ರ ಜುಲೈ 9, ಅಕ್ಟೋಬರ್ 10, ನವೆಂಬರ್ 1. ಎಲ್‌ಪಿಯಲ್ಲಿ ಒಟ್ಟು 10 ತುಣುಕು. ಈಗ ಪಟ್ಟಿಯನ್ನು ಹತ್ತಿರದಿಂದ ನೋಡಿ. ಮೂವರೂ ನುಡಿಸಿದ್ದು ಮೂರೇ ಮೂರು. ಕ್ಲಾರಿನೆಟ್ ಮತ್ತು ಬೇಸ್ ಜೋಡಿ ಎರಡು. ಉಳಿದ ಐದರಲ್ಲಿ ಕ್ಲಾರಿನೆಟ್ ಒಂದೇ, ಪಕ್ಕವಾದ್ಯ ಏನೂ ಇಲ್ಲ.

ಅಂದರೆ ಟ್ರಯೋದ ಹೆಸರಿನ ಆಲ್ಬಂನಲ್ಲಿ ಪಿಯಾನೋದವರು ಹತ್ತರಲ್ಲಿ ಏಳು ತುಣುಕಿಗೆ ಸುಮ್ನೆ ಕೂತಿದ್ದಾರೆ. ಇದು ಈ ಪ್ರಕರಣದ ಅತಿ ದಿಟ್ಟ ತೀರ್ಮಾನ. ನನ್ನ ಪ್ರಕಾರ ಅತಿ ದುಬಾರಿ ತೀರ್ಮಾನವೂ ಇದೇ.

ಜೋಡಿಸಿದ ಕ್ರಮ ಇನ್ನೂ ಗಟ್ಟಿ. ಒಂಟಿ ಕ್ಲಾರಿನೆಟ್, ಆಮೇಲೆ ಮೂವರು. ಮತ್ತೆ ಒಂಟಿ, ಆಮೇಲೆ ಜೋಡಿ. ಹೀಗೆ ಒಂದು ಬಿಟ್ಟು ಒಂದು. ಕೇಳುಗ ಸೂಜಿ ಇಟ್ಟ ಕೂಡಲೇ ಸಿಗೋದು ಮೂರು ನಿಮಿಷದ ಒಂಟಿ ಕ್ಲಾರಿನೆಟ್. ಹಳೆಯ ಬೆಚ್ಚಗಿನ ಕೆಳಸ್ಥಾಯಿಗೆ ಒಲಿದಿದ್ದ ಅಭಿಮಾನಿಗೆ ಇಲ್ಲಿ ಕೇಳಿಸೋದು ಕೆಳಗಿನಿಂದ ನೇರ ತಾರಸ್ಥಾಯಿಗೆ ನೆಗೆಯೋ ಸ್ವರಗಳು, ಅರ್ಧಕ್ಕೆ ಕಡಿದ ಸಾಲುಗಳು, ನಡುವೆ ಮೌನ, ಊದುವವನ ಉಸಿರು. ಎಣಿಸಲು ಲಯವಿಲ್ಲ. ಗುನುಗಲು ಹಾಡಿಲ್ಲ. ಆದರೆ ಕಿವಿಗೊಟ್ಟರೆ ಒಂದು ವಿಷಯ ಗೊತ್ತಾಗುತ್ತೆ: ಈ ನೆಗೆತಗಳು ಸುಮ್ಮನೆ ಎಲ್ಲೆಂದರಲ್ಲಿ ಬಿದ್ದವಲ್ಲ. ಕೆಳಗಿನ ಸ್ವರಗಳು ತಮ್ಮೊಳಗೇ ಒಂದು ಸಾಲು, ಮೇಲಿನವು ಇನ್ನೊಂದು ಸಾಲು. ಒಬ್ಬನೇ ಇಬ್ಬರ ಮಾತನ್ನು ಆಡುತ್ತಿದ್ದಾನೆ. ಲಾಸ್ ಏಂಜಲೀಸ್‌ನಲ್ಲಿದ್ದಾಗ ಅವರು ವರ್ಷಗಟ್ಟಲೆ ಕಲಿತದ್ದು ಹೀಗೆ ಸಾಲಿಗೆ ಎದುರು ಸಾಲು ಹೆಣೆಯೋ ವಿದ್ಯೆಯನ್ನೇ.

ಕೊನೆಯ ತುಣುಕು 10 ನಿಮಿಷ ದಾಟುತ್ತೆ, ಮೂವರೂ ಇದ್ದಾರೆ. ಪಿಯಾನೋದವರು ಇಲ್ಲಿ ಹಿನ್ನೆಲೆ ಹಿಡಿಯೋದೇ ಇಲ್ಲ. ಎಡಗೈ ಸ್ವರಗುಚ್ಛ ಹಾಕಿ ಬಲಗೈ ಓಡಿಸೋ ಅಭ್ಯಾಸ ಮಾಯ. ಒಂದು ಮಾತು ಹೇಳಿ ಕೈ ತೆಗೆಯುತ್ತಾರೆ. ಬೇಸ್‌ನವರು ನಡೆ ಹಾಕುವ ಕೆಲಸ ಬಿಟ್ಟು ಕ್ಲಾರಿನೆಟ್‌ಗೆ ಸಮನಾಗಿ ಮಾತಾಡುತ್ತಾರೆ. ಯಾರು ಮುಂದೆ, ಯಾರು ಪಕ್ಕ ಅನ್ನೋದು ಹೇಳಲಾಗೋದಿಲ್ಲ. ಇದನ್ನು ಮೊದಲು ಕೇಳಿ, ಆಮೇಲೆ ಒಂಟಿ ತುಣುಕುಗಳಿಗೆ ಹೋದರೆ ಎಲ್ಲವೂ ಬೇರೆಯಾಗಿ ತೆರೆದುಕೊಳ್ಳುತ್ತೆ. ಹೊಸಬರಿಗೆ ನಾನು ಹಾಗೇ ಹೇಳೋದು, ಎಲ್‌ಪಿಯನ್ನು ಹಿಂದಿನಿಂದ ಮುಂದಕ್ಕೆ ಕೇಳಿ ಅಂತ. ಕಲಾವಿದರ ಮನಸ್ಸಿಗೆ ಇದು ವಿರುದ್ಧ, ಗೊತ್ತು.

ಒಂಟಿ ಊದುವಾದ್ಯದ ತುಣುಕು ಜಾಝ್‌ನಲ್ಲಿ ಇರಲೇ ಇಲ್ಲ ಅಂತಲ್ಲ. ಹಳೆಯ ತಲೆಮಾರಿನ ಸ್ಯಾಕ್ಸೊಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ 1940ರ ದಶಕದಲ್ಲೇ ಒಂದು ಮಾಡಿದ್ದರು. ಆದರೆ ಅರ್ಧ ಆಲ್ಬಂ? ಆಂಥನಿ ಬ್ರಾಕ್ಸ್‌ಟನ್ ಬರೀ ಆಲ್ಟೋ ಸ್ಯಾಕ್ಸೊಫೋನ್‌ನಲ್ಲಿ ಇಡೀ ಆಲ್ಬಂ ರೆಕಾರ್ಡ್ ಮಾಡಿದ್ದು 1969ರಲ್ಲಿ. 1963ರ ವಿಮರ್ಶಕನ ಕೈಯಲ್ಲಿ ಇಂಥದ್ದನ್ನು ಅಳೆಯೋ ಕೋಲೇ ಇರಲಿಲ್ಲ.

ಹೊರಬಂದ ಮೇಲೆ

ಆಲ್ಬಂ 1963ರಲ್ಲಿ ಅಂಗಡಿಗೆ ಬಂತು. ಮಾರಾಟವಾಗಲಿಲ್ಲ. ಬೇಗನೆ ಕಂಪನಿಯ ಪಟ್ಟಿಯಿಂದ ಕಳಚಿತು. ಎರಡು ವಿಮರ್ಶಕರನ್ನು ಎದುರುಬದುರು ಕೂರಿಸಿ ಐದು ನಕ್ಷತ್ರ, ಸೊನ್ನೆ ನಕ್ಷತ್ರ ಅಂತ ಕುಸ್ತಿ ಹಚ್ಚುವ ಪ್ರಸಂಗ ಇದಕ್ಕೆ ಒದಗಲಿಲ್ಲ. ಕೋಲ್‌ಮನ್‌ಗೆ ಸೊನ್ನೆ ನಕ್ಷತ್ರವೇ ಒಂದು ಜಾಹೀರಾತಾಗಿತ್ತು. ಓದಿದವನು ‘ಅಂಥದ್ದೇನಪ್ಪಾ ಇದೆ ಇದರಲ್ಲಿ’ ಅಂತ ಅಂಗಡಿಗೆ ಹೋಗಿ ಕೇಳುತ್ತಾನೆ ಅಲ್ವಾ? ಈ ಟ್ರಯೋಗೆ ಆ ಭಾಗ್ಯವೂ ಇರಲಿಲ್ಲ.

ಇನ್ನು ಕಂಪನಿಗಳ ಕಡೆ ನೋಡಿದರೆ ಕಾಲ ಹೇಗಿತ್ತು ಅನ್ನೋದು ತಿಳಿಯುತ್ತೆ. ಟ್ರಯೋದ ಮೊದಲ ಎರಡು ಎಲ್‌ಪಿಗಳನ್ನು ತಂದ ನಿರ್ಮಾಪಕರು ಕ್ರೀಡ್ ಟೇಲರ್. ಅವರೇ 1962ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನ ಒಂದು ಚರ್ಚಿನಲ್ಲಿ ಸ್ಟಾನ್ ಗೆಟ್ಜ್ ಮತ್ತು ಚಾರ್ಲಿ ಬರ್ಡ್ ಜೋಡಿಯ ಬೊಸ್ಸಾ ನೋವಾ (ಬ್ರೆಜಿಲ್‌ನ ಮೆಲುದನಿಯ ಸಂಗೀತ) ಆಲ್ಬಂ ರೆಕಾರ್ಡ್ ಮಾಡಿಸಿದರು. ಅದು 1963ರ ಮಾರ್ಚ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಆಲ್ಬಂಗಳ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಜಾಝ್ ಹಣ ಮಾಡಬಹುದು ಅಂತ ಎಲ್ಲ ಕಂಪನಿಗಳಿಗೂ ಗೊತ್ತಾದ ಹೊತ್ತಿಗೆ ಸರಿಯಾಗಿ ಈ ಒಂಟಿ ಕ್ಲಾರಿನೆಟ್ ಅಂಗಡಿಗೆ ಬಂದಿತ್ತು. ಅದೂ ಮೆಲುದನಿಯ ಸಂಗೀತ, ಇದೂ ಮೆಲುದನಿಯ ಸಂಗೀತ. ಮೆಲುದನಿ ಆಗಬಾರದು ಅಂತ ಜನ ಹೇಳಿರಲಿಲ್ಲ.

ತಂಡ ಒಡೆದ ಕಥೆಯನ್ನು ಬೇಸ್‌ನವರು ಹಲವು ಬಾರಿ ಹೇಳಿಕೊಂಡಿದ್ದಾರೆ. ನ್ಯೂಯಾರ್ಕ್‌ನ ಬ್ಲೀಕರ್ ಬೀದಿಯ ಒಂದು ಕಾಫಿ ಅಂಗಡಿ. ಬಾಗಿಲಲ್ಲಿ ಕೂಡಿದ ಹಣ ಎಷ್ಟೋ ಅಷ್ಟೇ ಸಂಬಳ. ಒಂದು ರಾತ್ರಿ ನುಡಿಸಿ ಮುಗಿಸಿ ಹಂಚಿಕೊಂಡಾಗ ತಲೆಗೆ 35 ಸೆಂಟ್ ಬಂತು. ಆಗ ಊರಿನ ಸಬ್‌ವೇ ಟಿಕೆಟ್ 15 ಸೆಂಟ್. ಮನೆಗೆ ಹೋಗಿ, ನಾಳೆ ವಾಪಸ್ ಬರೋದಕ್ಕೆ ಆಗುತ್ತೆ, ಮೇಲೆ 5 ಸೆಂಟ್ ಉಳಿಯುತ್ತೆ. ಅವತ್ತೇ ಸಾಕು ಅಂತ ತೀರ್ಮಾನವಾಯಿತು. ಜಗಳ ಮಾಡಿಕೊಂಡು ಬೇರೆಯಾದವರಲ್ಲ ಅವರು. ಇನ್ನು ನಡೆಸೋದಕ್ಕಾಗಲ್ಲ, ಅಷ್ಟೇ.

ಮುಂದೆ ಮೂವರ ದಾರಿ ಬೇರೆ ಬೇರೆ. ಪಿಯಾನೋದವರು ತಮ್ಮದೇ ಟ್ರಯೋ ಕಟ್ಟಿದರು, ಡ್ರಮ್ಸ್ ಇರೋ ಮಾಮೂಲಿ ಜೋಡಣೆ. 1964ರಲ್ಲಿ ನ್ಯೂಯಾರ್ಕ್‌ನ ಹೊಸ ಸಂಗೀತದವರೆಲ್ಲ ಸೇರಿ ಒಂದು ಸಂಘ ಕಟ್ಟಿದಾಗ ಅದರಲ್ಲಿದ್ದರು. 1972ರಲ್ಲಿ ಮ್ಯೂನಿಕ್‌ನ ಇಸಿಎಂ ಕಂಪನಿಗೆ ಒಂಟಿ ಪಿಯಾನೋ ಆಲ್ಬಂ ಮಾಡಿದರು. ಬೇಸ್‌ನವರು ಡಬಲ್ ಬೇಸ್ ಬಿಟ್ಟು ಎಲೆಕ್ಟ್ರಿಕ್ ಬೇಸ್ ಹಿಡಿದು ಅದರಲ್ಲೇ ದೊಡ್ಡ ಹೆಸರು ಮಾಡಿದರು. ಕ್ಲಾರಿನೆಟ್‌ನವರು ಪಾಠ ಹೇಳಿ ಬದುಕಿದರು. ಅವರ ಮುಂದಿನ ಆಲ್ಬಂ ಬರೋದಕ್ಕೆ 1970ರ ದಶಕ ಬರಬೇಕಾಯಿತು. ಮೂವರೂ ಮತ್ತೆ ಒಟ್ಟಿಗೆ ರೆಕಾರ್ಡ್ ಮಾಡಿದ್ದು 1989ರ ಡಿಸೆಂಬರ್‌ನಲ್ಲಿ.

ಅಲ್ಲಿಂದ ಗಾಳಿ ತಿರುಗಿತು. 1992ರಲ್ಲಿ ಇಸಿಎಂ ಕಂಪನಿ 1961ರ ಎರಡು ಎಲ್‌ಪಿಗಳನ್ನು ಜೋಡಿಸಿ, ಧ್ವನಿಯನ್ನು ಹೊಸದಾಗಿ ಹದ ಮಾಡಿ ಹೊರತಂದಿತು. ಬೇರೆಯವರ ಹಳೆ ರೆಕಾರ್ಡ್ ಮರುಮುದ್ರಿಸೋದು ಆ ಕಂಪನಿಗೆ ತೀರ ಅಪರೂಪ. ಅದೇ ವರ್ಷಗಳಲ್ಲಿ ಸ್ಟುಟ್‌ಗಾರ್ಟ್, ಬ್ರೆಮೆನ್ ಕಛೇರಿಗಳ ಸಿಡಿಗಳೂ ಬಂದವು. 1990ರ ದಶಕದ ಕೊನೆಗೆ 1962ರ ಆಲ್ಬಂ ಕೂಡ ಸಿಡಿಯಾಯಿತು. ಎಲ್‌ಪಿಯಲ್ಲಿ ಜಾಗ ಸಿಗದೆ ಉಳಿದಿದ್ದ ಒಂದಷ್ಟು ತುಣುಕುಗಳೂ ಸೇರಿಕೊಂಡವು. ಈ ಸಲ ನಕ್ಷತ್ರಗಳಿಗೆ ಬರ ಇರಲಿಲ್ಲ. ಜಾಝ್‌ನ ಮುಖ್ಯ ಕೃತಿಗಳ ಪಟ್ಟಿ ಮಾಡುವವರು ಈಗ ಇದನ್ನು ಬಿಡೋದಿಲ್ಲ.

ತೀರ್ಮಾನಗಳನ್ನು ಮತ್ತೆ ನೋಡಿದಾಗ

ಸಾಮಾನ್ಯವಾಗಿ ಈ ಆಲ್ಬಂ ಬಗ್ಗೆ ಹೇಳೋ ಮಾತು ‘ಕಾಲಕ್ಕಿಂತ ಮುಂದಿತ್ತು’ ಅನ್ನೋದು. ನನಗೆ ಆ ಮಾತು ಸಾಲದು ಅನ್ನಿಸುತ್ತೆ. ಅದೇ ಸಂಗೀತವನ್ನು 1961ರಲ್ಲಿ ಜರ್ಮನಿಯ ಸಭಾಂಗಣಗಳಲ್ಲಿ ಜನ ಕೂತು ಕೇಳಿದ್ದಾರೆ. ಕಾಲ ಅದೇ, ಜಾಗ ಬೇರೆ. ಕಾಫಿ ಕಪ್ಪಿನ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು ಇರೋ ಕಡೆ ಮೌನವನ್ನೇ ಅರ್ಧ ವಾದ್ಯ ಮಾಡಿಕೊಂಡ ಸಂಗೀತ ನಿಲ್ಲೋದು ಕಷ್ಟ. ಯೂರೋಪಿನ ಪ್ರವಾಸ ಆದಮೇಲೆ ನ್ಯೂಯಾರ್ಕ್‌ನ ಕ್ಲಬ್ಬು, ಕಾಫಿ ಅಂಗಡಿಗಳನ್ನೇ ನಂಬಿ ಕೂತದ್ದು ನನ್ನ ಲೆಕ್ಕದಲ್ಲಿ ಮೊದಲ ಎಡವಟ್ಟು. ಆದರೆ ಅವರಿಗೆ ಬೇರೆ ದಾರಿ ಇತ್ತಾ? ಯೂರೋಪಿನಲ್ಲಿ ಈ ಬಗೆಯ ಸಂಗೀತಕ್ಕೆ ಉತ್ಸವ, ಸ್ವಂತ ಕಂಪನಿ, ಪ್ರವಾಸದ ಜಾಲ ಎಲ್ಲ ಬೆಳೆದದ್ದು ಆ ದಶಕದ ಕೊನೆಗೆ. ಇಸಿಎಂ ಶುರುವಾದದ್ದೇ 1969ರಲ್ಲಿ.

ದೊಡ್ಡ ಕಂಪನಿಗೆ ಹೋದದ್ದು ಎರಡನೆಯ ತಿರುವು. ಇದರ ಬಗ್ಗೆ ನನಗೆ ಎರಡು ಮನಸ್ಸು. ದೊಡ್ಡ ಕಂಪನಿಗೆ ಸಣ್ಣ ಸಂಖ್ಯೆಯ ಮಾರಾಟ ನಷ್ಟದ ಬಾಬ್ತು. ಸಣ್ಣ ಕಂಪನಿಯಲ್ಲಿ ಅದೇ ಸಂಖ್ಯೆ ಇನ್ನೊಂದು ಆಲ್ಬಂಗೆ ದಾರಿಯಾಗಬಹುದಿತ್ತು. ಪಿಯಾನೋದವರು ಆಮೇಲೆ ಉಳಿದದ್ದು ಸಣ್ಣ ಕಂಪನಿಗಳಿಂದಲೇ. ಆದರೆ ಇನ್ನೊಂದು ಮುಖವೂ ಇದೆ. ದೊಡ್ಡ ಕಂಪನಿ ಟೇಪುಗಳನ್ನು ಗೋದಾಮಿನಲ್ಲಿ ಜೋಪಾನವಾಗಿ ಇಟ್ಟಿತು. 1990ರ ದಶಕದಲ್ಲಿ ಬಿಟ್ಟುಹೋದ ತುಣುಕುಗಳೂ ಸಮೇತ ಸಿಕ್ಕಿದ್ದು ಅದರಿಂದ. ಕೈಬಿಟ್ಟವರೇ ಕಾಪಾಡಿದವರು ಕೂಡ.

ಒಂಟಿ ತುಣುಕುಗಳ ವಿಚಾರಕ್ಕೆ ಬರೋಣ. ಮಾರಾಟದ ದೃಷ್ಟಿಯಿಂದ ಆ ತೀರ್ಮಾನ ಆತ್ಮಹತ್ಯೆ. ರೇಡಿಯೋದವನಿಗೆ ಹಾಕೋದಕ್ಕೆ ಒಂದು ಹಾಡು ಸಿಗೋದಿಲ್ಲ. ಮೊದಲ ಎರಡು ಎಲ್‌ಪಿಗಳಲ್ಲಿ ಕೇಳುಗನನ್ನು ಕೈಹಿಡಿದು ಒಳಗೆ ಕರೆತರುತ್ತಿದ್ದ ಆ ಪುಟ್ಟ ರಚನೆಗಳನ್ನೂ ಈ ಸಲ ಬಿಟ್ಟರು, ಎಲ್ಲವೂ ಕ್ಲಾರಿನೆಟ್‌ನವರದೇ ರಚನೆ. ಆದರೆ ಇವತ್ತು ಈ ಆಲ್ಬಂ ಅನ್ನು ಹಿಂದಿನ ಎರಡರಿಂದ ಬೇರೆ ಮಾಡೋದೂ ಅದೇ ಐದು ಒಂಟಿ ತುಣುಕು. ಅವನ್ನು ತೆಗೆದು ಮೂವರ ತುಣುಕುಗಳನ್ನೇ ತುಂಬಿದ್ದರೆ ಮೂರನೆಯದೊಂದು ಒಳ್ಳೆ ಆಲ್ಬಂ ಆಗುತ್ತಿತ್ತು, ಅಷ್ಟೇ. ಹಾಗಾಗಿ ಕಲಾವಿದರಿಗೆ ‘ಹೀಗೆ ಮಾಡಬೇಡಿ’ ಅಂತ ಹೇಳಲು ನನ್ನ ನಾಲಗೆ ಹೊರಳೋದಿಲ್ಲ. ಹೇಳಬಹುದಾದ್ದು ಇಷ್ಟು: ಇಂಥ ಆಲ್ಬಂ ಮಾಡೋದಾದರೆ ಹೊಟ್ಟೆಪಾಡು ಅದರಿಂದ ನಡೆಯುತ್ತೆ ಅಂತ ಲೆಕ್ಕ ಹಾಕಬೇಡಿ, ತಂಡದ ಉಳಿವನ್ನು ಅದರ ಮೇಲೆ ಇಡಬೇಡಿ. ಬೇರೆ ಒಂದು ಆದಾಯ, ಬೇರೆ ಒಂದು ವೇದಿಕೆ ಮೊದಲೇ ನೋಡಿಕೊಳ್ಳಿ.

ವಿಮರ್ಶೆ ಬರೆಯುವವರಿಗೆ ಇದರಲ್ಲಿ ಇರೋದು ಬೇರೆ ವಿಷಯ. 1963ರಲ್ಲಿ ಅವರು ಕೆಟ್ಟವರಾಗಿರಲಿಲ್ಲ, ಕಿವುಡರೂ ಆಗಿರಲಿಲ್ಲ. ಕೈಯಲ್ಲಿದ್ದ ಪ್ರಶ್ನೆಗಳು ಬೇರೆ ಸಂಗೀತಕ್ಕೆ ಮಾಡಿದ್ದಾಗಿದ್ದವು. ‘ಸ್ವಿಂಗ್ ಇದೆಯಾ’, ‘ಕಾವು ಇದೆಯಾ’ ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ಆಲ್ಬಂಗೆ ಬೇಕಿದ್ದದ್ದು ‘ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಏನು ಮಾಡ್ತಾರೆ’ ಅನ್ನೋ ಪ್ರಶ್ನೆ. 1992ರ ಹೊತ್ತಿಗೆ ಆ ಪ್ರಶ್ನೆ ಎಲ್ಲರ ಬಾಯಲ್ಲಿತ್ತು. ನಡುವೆ ಮೂವತ್ತು ವರ್ಷ ಬ್ರಾಕ್ಸ್‌ಟನ್ ತರದವರು, ಯೂರೋಪಿನ ಮನೋಧರ್ಮದ ತಂಡಗಳು, ಇಸಿಎಂನ ನೂರಾರು ಆಲ್ಬಂಗಳು ಕೇಳುಗರ ಕಿವಿಯನ್ನು ಪಳಗಿಸಿದ್ದವು. ಮರುಮುದ್ರಣವಾದದ್ದು ಅದೇ ಟೇಪು, ಕೇಳಿದ ಕಿವಿ ಮಾತ್ರ ಬೇರೆ. ಜೊತೆಗೆ ಆಲ್ಬಂ ಅಂಗಡಿಯಲ್ಲಿ ಸಿಗುವಂತಾಯಿತು ಅನ್ನೋದನ್ನೂ ಮರೆಯಬಾರದು. ಸಿಗದ ಆಲ್ಬಂಗೆ ಯಾರೂ ನಕ್ಷತ್ರ ಕೊಡೋದಿಲ್ಲ.

ಆದರೆ ಈ ಎರಡನೇ ಸುತ್ತಿನ ವಿಮರ್ಶೆಯಲ್ಲೂ ಒಂದು ಐಬು ಹುಟ್ಟಿಕೊಂಡಿತು. ಹೊಗಳಿಕೆಗೆ ಒಂದು ದುರಂತ ಕಥೆ ಬೇಕಾಯಿತು. 35 ಸೆಂಟ್, ಒಡೆದ ತಂಡ, ಆಮೇಲೆ ಕ್ಲಾರಿನೆಟ್‌ನವರ ಹತ್ತು ವರ್ಷದ ಮೌನ. ಸಿಡಿ ಬಗ್ಗೆ ಬರೆದವರೆಲ್ಲ ಈ ‘ಮೌನ’ವನ್ನು ಒಂದು ಪ್ಯಾರಾದಲ್ಲಿ ಹಾಕಿಯೇ ಹಾಕುತ್ತಿದ್ದರು. ಓದೋದಕ್ಕೆ ಚೆನ್ನಾಗಿದೆ. ಆದರೆ ಅವರು ಮೌನವಾಗಿರಲಿಲ್ಲ, ಅವರನ್ನು ರೆಕಾರ್ಡ್ ಮಾಡಿ ಮಾರುವ ಕಂಪನಿ ಇರಲಿಲ್ಲ. 2014ರಲ್ಲಿ ಇದಕ್ಕೆ ಸಾಕ್ಷಿಯೇ ಹೊರಬಂತು. 1965ರ ಮೇ 19ರಂದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಸೆಪ್ಟೆಂಬರ್ 3ರಂದು ಜಡ್ಸನ್ ಹಾಲ್‌ನಲ್ಲಿ ಅವರು ಕೊಟ್ಟ ಎರಡು ಕಛೇರಿಗಳು. ರೆಕಾರ್ಡ್ ಮಾಡಿಟ್ಟವರು ಆಗ ಅದೇ ವಿಶ್ವವಿದ್ಯಾಲಯದ ರೇಡಿಯೋ ಕೇಂದ್ರದಲ್ಲಿದ್ದ ಒಬ್ಬ ವಿದ್ಯಾರ್ಥಿ. ಟೇಪುಗಳು ಸುಮಾರು ಐವತ್ತು ವರ್ಷ ಹಾಗೇ ಇದ್ದವು. ಎರಡೂ ಕಛೇರಿಗಳಲ್ಲಿ ಕ್ಲಾರಿನೆಟ್‌ನವರು ಸ್ಯಾಕ್ಸೊಫೋನ್ ಕೂಡ ನುಡಿಸುತ್ತಾರೆ, ಇನ್ನಷ್ಟು ಬಿರುಸಾಗಿ. ಎರಡರಲ್ಲೂ ಡ್ರಮ್ಸ್ ಇದೆ.